ಒಂದು ಬೆಳಿಗ್ಗೆ, ಮೂರು ಶಾಲೆ

ನಮ್ಮ ಸಾಗರಕ್ಕೆ ಬಂದವರು ಗಣಪತಿ ಕೆರೆ ನೋಡುತ್ತಾರೆ, ಮಾರಿಕಾಂಬೆಗೆ ಕೈ ಮುಗಿಯುತ್ತಾರೆ, ಗುಡಿಗಾರರ ಗಂಧದ ಕೆತ್ತನೆ ಮೆಚ್ಚುತ್ತಾರೆ, ಇಕ್ಕೇರಿ ಕೆಳದಿ ಸುತ್ತಿ ಜೋಗದ ಬಸ್ಸು ಹತ್ತುತ್ತಾರೆ. ಊರಿನ ಸರ್ಕಾರಿ ಶಾಲೆ ನೋಡಲು ಯಾರೂ ಬರುವುದಿಲ್ಲ. ಇಲ್ಲೇ ಹುಟ್ಟಿ, ಇಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿ, ಇಲ್ಲೇ ಸಂಸಾರ ಹೂಡಿದ ನಾನೂ ಹೋದ ಜೂನ್ ತನಕ ಆ ಕಡೆ ತಲೆ ಹಾಕಿರಲಿಲ್ಲ.

ಹೋಗುವ ಪ್ರಸಂಗ ಬಂತು. 2020ರ ಲಾಕ್‌ಡೌನಿನಲ್ಲಿ ಕುಸಿದ ನಮ್ಮವರ ಬಟ್ಟೆ ಅಂಗಡಿ ಮತ್ತೆ ಮೊದಲಿನಂತೆ ಆಗಲೇ ಇಲ್ಲ. ದೊಡ್ಡವಳು ಪಿಯುಸಿ, ಚಿಕ್ಕವಳು ಐದನೇ ಕ್ಲಾಸು. ಫೀಸು, ವ್ಯಾನು, ಪುಸ್ತಕ ಎಲ್ಲ ಲೆಕ್ಕ ಹಾಕಿ ಒಂದು ರಾತ್ರಿ ಇವರು, “ಚಿಕ್ಕವಳನ್ನ ಸರ್ಕಾರಿ ಶಾಲೆಗೆ ಹಾಕೋಣವೇನೇ?” ಎಂದರು. ನನಗೆ ನಿದ್ದೆ ಬರಲಿಲ್ಲ. ಐದು ವರ್ಷದ ಹಿಂದೆ ನನ್ನ ಓರಗಿತ್ತಿ ಮಗನನ್ನು ಅಲ್ಲಿಗೆ ಸೇರಿಸಿದಾಗ, “ಅಯ್ಯೋ, ಗವರ್ನಮೆಂಟ್ ಸ್ಕೂಲಿಗಾ? ಪಾಪ” ಎಂದು ನಾಲ್ಕು ಜನರ ಎದುರು ಅಂದವಳು ನಾನೇ.

ಈಗ ಅವಳ ಮನೆ ಬಾಗಿಲಿಗೇ ಹೋದೆ. ಅವಳು ಏನೂ ಆಡಲಿಲ್ಲ. “ನಾಳೆ ಬೆಳಿಗ್ಗೆ ಕೊಡೆ ಹಿಡ್ಕೊಂಡು ಬಾ ಅಕ್ಕ, ಮೂರು ಶಾಲೆ ನೋಡೋಣ. ಮಗಳನ್ನೂ ಕರ್ಕೊಂಡು ಬಾ” ಎಂದಳು.

ಯಾವ ಶಾಲೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಮೂರರಲ್ಲೂ ಕಷ್ಟಪಡುವ ಟೀಚರುಗಳೇ ಇದ್ದಾರೆ.

ಮೊದಲನೆಯದಕ್ಕೆ ಹೋದಾಗ ಹಾಲು ಕೊಡುವ ಹೊತ್ತು. ಶಾಲೆಯಲ್ಲಿ ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ ಶುರುವಾದದ್ದು. ನಾವು ಓದುವಾಗ ಇರಲಿಲ್ಲ. ಹೊಸ ಕಟ್ಟಡ, ಗೋಡೆಗೆಲ್ಲ ರೈಲಿನ ಡಬ್ಬಿಗಳ ಚಿತ್ರ. ನೋಡಿದ ಕೂಡಲೇ ಮನಸ್ಸು ಸೋತಿತು. ಆದರೆ ಒಬ್ಬ ಟೀಚರ್ ತರಬೇತಿಗೆ ಹೋಗಿದ್ದರಿಂದ ಎರಡು ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿದ್ದರು. ದೊಡ್ಡ ಟಿವಿಗೆ ಬಟ್ಟೆ ಹೊದಿಸಿತ್ತು. ಶೌಚಾಲಯಕ್ಕೆ ಬೀಗ. “ನೀರಿಲ್ಲ, ಅದಕ್ಕೆ” ಎಂದರು. ಹೆಣ್ಣುಮಕ್ಕಳು ಏನು ಮಾಡಬೇಕು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ, ಓರಗಿತ್ತಿ ಕೇಳಿದಳು.

ಎರಡನೆಯದು ದೊಡ್ಡ ಶಾಲೆ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುಮಾಡಿದರಲ್ಲ, ಅಂಥದ್ದು. ಆ ವಿಭಾಗದ ಐದನೇ ಕ್ಲಾಸಿನಲ್ಲಿ 48 ಮಕ್ಕಳು. ಪಕ್ಕದ ಕನ್ನಡ ಕೋಣೆಯಲ್ಲಿ 11! ಐದನೆಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಮಕ್ಕಳು ಚುರುಕಾಗಿದ್ದರು, ಟೀಚರೂ ಒಳ್ಳೆಯವರು. ಆದರೆ ಹಿಂದಿನ ಸಾಲಿನ ಹುಡುಗಿ ಇಡೀ ಹೊತ್ತು ಕಿಟಕಿ ನೋಡುತ್ತಾ ಕೂತಿದ್ದಳು. ನನ್ನ ಮಗಳೂ ಬಾಯಿ ಸತ್ತವಳು. ಅವಳೂ ಹೀಗೇ ಕೂರುತ್ತಾಳೆ ಅನ್ನಿಸಿತು.

ಮೂರನೆಯದು ಊರಿನ ಅಂಚಿನಲ್ಲಿ. ಹಲಸಿನ ಮರ, ಹೆಂಚಿನ ಹಳೇ ಕಟ್ಟಡ. ಒಂದು ಕೋಣೆ ಸೋರುತ್ತಿತ್ತು. ಕೆಳಗೆ ಬಕೆಟ್ ಇಟ್ಟಿದ್ದರು. ಒಟ್ಟು 38 ಮಕ್ಕಳು. ಇದೇನು ಶಾಲೆ ಎಂದುಕೊಂಡೆ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಬಡಿಸುವ ಮುಂಚೆ ಹೆಡ್ ಟೀಚರ್ ಅನ್ನ ಸಾರು ತಾವೇ ಉಂಡು ನೋಡಿದರು. ಅದು ನಿಯಮವೇ, ಆದರೆ ಅವರು ಉಂಡ ರೀತಿ ಮನೆಯವರ ಹಾಗಿತ್ತು. ಶೌಚಾಲಯದಲ್ಲಿ ನೀರಿತ್ತು, ಒಳಗೆ ಚಿಲಕವಿತ್ತು. ದಾರಕ್ಕೆ ಕಥೆ ಪುಸ್ತಕಗಳನ್ನು ಬಟ್ಟೆ ಒಣಗಿಸಿದ ಹಾಗೆ ನೇತುಹಾಕಿದ್ದರು. ಅಂಚು ಜೂಲಾಗಿತ್ತು, ಅಂದರೆ ಮಕ್ಕಳು ಓದುತ್ತಾರೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಒಬ್ಬ ಹುಡುಗಿಗೆ, “ಒಂದು ಪುಟ ಓದಮ್ಮ” ಎಂದೆ. ಓದುತ್ತಾ ಓದುತ್ತಾ ಒಂದು ಪದದ ಹತ್ತಿರ ನಿಂತು, “ಟೀಚರ್, ಹೀಗಂದ್ರೆ ಏನು?” ಎಂದು ಕೇಳಿಯೇ ಬಿಟ್ಟಳು. ನನ್ನ ಮಗಳು ನಾಲ್ಕು ವರ್ಷದಲ್ಲಿ ಟೀಚರನ್ನು ಒಂದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಎಲ್ಲಾ ಉರು ಹೊಡೆಯುತ್ತಿದ್ದಳು.

ಹೆಡ್ ಟೀಚರ್ ಮುಚ್ಚುಮರೆ ಮಾಡಲಿಲ್ಲ. “ಇಂಗ್ಲಿಷು ನೀವು ಮನೇಲೂ ನೋಡ್ಕೋಬೇಕು. ಗಣಿತಕ್ಕೆ ಅತಿಥಿ ಶಿಕ್ಷಕಿ ಇದ್ದಾರೆ, ಮುಂದಿನ ವರ್ಷ ಅವರೇ ಬರ್ತಾರೆ ಅಂತ ಹೇಳಕ್ಕಾಗಲ್ಲ. ಮಕ್ಕಳು ಕಮ್ಮಿಯಾದ್ರೆ ಶಾಲೆಯೇ ಉಳಿಯತ್ತೋ ಇಲ್ವೋ. ಸುಳ್ಳು ಹೇಳಿ ಸೇರಿಸ್ಕೊಳ್ಳಲ್ಲಮ್ಮ” ಎಂದರು. ತಿರುಗಿ ನೋಡಿದರೆ, ಓದಿದ ಹುಡುಗಿ ಜಮಖಾನೆಯ ಮೇಲೆ ಜಾಗ ಬಿಟ್ಟು, “ಬಾ, ಇಲ್ಲಿ ಕೂತ್ಕೋ” ಎಂದು ನನ್ನ ಮಗಳನ್ನು ಕರೆಯುತ್ತಿದ್ದಳು. ಇವಳು ಹೋಗಿ ಕೂತಳು.

ಹೀಗೆ 39 ಆಯಿತು.

ಸೋದರಿಯರೇ, ನಿಮ್ಮೂರಲ್ಲೂ ಶಾಲೆ ಆರಿಸುವುದಿದ್ದರೆ ಗೋಡೆಯ ಬಣ್ಣ ನೋಡಬೇಡಿ. ಊಟದ ಹೊತ್ತಿಗೆ ಹೋಗಿ. ಶೌಚಾಲಯದ ಬಾಗಿಲು ತೆಗೆದು ನೋಡಿ. ಖಾಯಂ ಟೀಚರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಎಂದು ಕೇಳಿ. ಒಂದು ಮಗುವಿನ ಕೈಯಲ್ಲಿ ಓದಿಸಿ. ಸೇರಿಸಿ ಸುಮ್ಮನಿರಬೇಡಿ, ಶಾಲಾಭಿವೃದ್ಧಿ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ನಾನೂ ಈಗ ಸಮಿತಿಯಲ್ಲಿದ್ದೇನೆ. ಹೆಂಚು ಬದಲಾಯಿಸಲು ಎರಡು ಅರ್ಜಿ ಕೊಟ್ಟಾಯಿತು. ಬಕೆಟ್ ಇನ್ನೂ ಅಲ್ಲೇ ಇದೆ.

ಎಲ್ಲಾ ಸರಿಹೋಯಿತು ಎನ್ನಲಾರೆ. ಮೊದಲ ವಾರ ಮಗಳು ಹಳೇ ಗೆಳತಿಯರ ವ್ಯಾನು ಹೋಗುವಾಗ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಅದನ್ನು ನೋಡಿ ನಾನು ಅಡಿಗೆಮನೆಯಲ್ಲಿ ಅತ್ತಿದ್ದೂ ಉಂಟು. ಈಗ ಸಂಜೆ ಅಜ್ಜಿಗೆ ಪೇಪರ್ ಓದಿ ಹೇಳುತ್ತಾಳೆ. ತಿಳಿಯದ ಪದ ಬಂದರೆ ನಿಂತು ಕೇಳುತ್ತಾಳೆ.

ಅವತ್ತು ಮನೆಗೆ ಬರುವ ದಾರಿಯಲ್ಲಿ ಓರಗಿತ್ತಿಗೆ, “ಅವತ್ತು ಹಾಗೆ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡ” ಎಂದೆ.

“ಯಾವತ್ತು?” ಎಂದಳು. ಮರೆತಿರಲಿಲ್ಲ, ನನಗೆ ಗೊತ್ತು. ಕೊಡೆಯನ್ನು ನನ್ನ ಕಡೆ ಸ್ವಲ್ಪ ವಾಲಿಸಿ ಹಿಡಿದುಕೊಂಡಳು.