ಖಾಲಿ ಮನೆ

ಮೂವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಕಾಲೇಜಿನ ಬೆಂಚಿನ ಮೇಲೆ ಕೂರುವ ಯೋಗ ನನಗುಂಟೆಂದು ಯಾವ ಜೋಯಿಸರೂ ಹೇಳಿರಲಿಲ್ಲ. ಅದೂ ಅಮೆರಿಕದಲ್ಲಿ, ಅದೂ ಕಂಪ್ಯೂಟರ್ ವಿದ್ಯೆಗೆ! ೨೦೦೩ರಲ್ಲಿ ಮೈಸೂರಿನಲ್ಲಿ ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡು ಬಿ.ಎ. ಮುಗಿಸಿದವಳು ನಾನು. ಎಂ.ಎ. ಓದಬೇಕೆಂಬ ಆಸೆ ಬಹಳವಿತ್ತು. "ಈ ವರ್ಷ ಕೈಯಲ್ಲಿ ಕಾಸಿಲ್ಲ ಮಗೂ, ಮುಂದಿನ ವರ್ಷ ನೋಡೋಣ" ಎಂದರು ಅಪ್ಪ. ಮುಂದಿನ ವರ್ಷ ಮದುವೆಯಾಯಿತು. ಅಲ್ಲಿಂದಾಚೆಗೆ ಕಂಪ್ಯೂಟರಿಗೂ ನನಗೂ ಇದ್ದ ನಂಟೆಂದರೆ, ಯಜಮಾನರು ಅದರ ಮುಂದೆ ಕುಳಿತಾಗ ಚೆಲ್ಲದಂತೆ ಪಕ್ಕದಲ್ಲಿ ಕಾಫಿ ಲೋಟ ಇಡುವಷ್ಟು ಮಾತ್ರ.

ಆದರೆ ಚಿಕಾಗೋ ನಗರದ ಹೊರವಲಯದ ಚಳಿಗಾಲವಿದೆಯಲ್ಲ, ಅದು ಎಂಥವರನ್ನೂ ಶಾಲೆಗೆ ಅಟ್ಟುತ್ತದೆ. ಅವರು ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳರವರೆಗೆ ಮನೆ ಖಾಲಿ. ಅವಲಂಬಿತರ ವೀಸಾದ ಮೇಲೆ ಬಂದ ಹೆಂಡತಿ ಓದಬಹುದು, ದುಡಿಯಕೂಡದು ಎಂಬುದು ೨೦೧೩ರಲ್ಲಿದ್ದ ನಿಯಮ. ಸರಿ, ಓದಿಯೇ ಬಿಡೋಣವೆಂದು ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಹೋಗಿ ಹೆಸರು ಬರೆಸಿದೆ.

ಈ ಕಮ್ಯುನಿಟಿ ಕಾಲೇಜೆಂಬುದು ಆ ದೇಶದ ಒಳ್ಳೆಯ ಏರ್ಪಾಡುಗಳಲ್ಲೊಂದು. ಅದೇ ಸೀಮೆಯ ಜೋಲಿಯೆಟ್ ಎಂಬ ಊರಿನಲ್ಲಿ ೧೯೦೧ರಲ್ಲಿ ಇಂಥದೊಂದು ಕಾಲೇಜು ಆರೇ ಮಂದಿ ವಿದ್ಯಾರ್ಥಿಗಳಿಂದ ಆರಂಭವಾಯಿತು; ಇಂದು ಇಂಥವು ದೇಶದ ತುಂಬ ಇವೆ. ಎರಡು ವರ್ಷದ ಓದು, ಸುಮಾರು ೬೦ ಕ್ರೆಡಿಟ್. ಮುಗಿಸಿದರೆ 'ಅಸೋಸಿಯೇಟ್' ಪದವಿ. ನಮ್ಮ ಬಿ.ಎ.ಗೆ ತಮ್ಮ, ಪಿ.ಯು.ಸಿ.ಗೆ ಅಣ್ಣ ಎನ್ನಬಹುದು. ವಯಸ್ಸನ್ನು ಯಾರೂ ಕೇಳುವುದಿಲ್ಲ. ಸಂಜೆಯ ತರಗತಿಯಲ್ಲಿ ನನ್ನ ಎಡಕ್ಕೊಬ್ಬ ಲಾರಿ ಚಾಲಕ, ಬಲಕ್ಕೆ ಮೊಮ್ಮಗುವನ್ನು ಕಂಡಿದ್ದ ಒಬ್ಬ ದಾದಿ.

ನನ್ನ ಹೆಸರಿನ ಕೊನೆಗೆ ಅಪ್ಪನ ಹೆಸರಿದೆ. ಅಲ್ಲಿ ಕೊನೆಯ ಹೆಸರೇ ಮನೆತನದ ಹೆಸರು. ಹೀಗಾಗಿ ಹಾಜರಿ ಹಿಡಿಯುವಾಗ ಅಧ್ಯಾಪಕರು ಕರೆಯುತ್ತಿದ್ದುದು ಅಪ್ಪನನ್ನು! ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ, ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದ ಅಪ್ಪ, ತೀರಿಕೊಂಡ ನಾಲ್ಕು ವರ್ಷಗಳ ಮೇಲೆ ಅಮೆರಿಕದ ಕಾಲೇಜಿಗೆ ತಪ್ಪದೆ ಹಾಜರಾದರು.

ವಿಷಯದ ಹೆಸರು 'ಮಾಹಿತಿ ವ್ಯವಸ್ಥೆ'. ಕೇಳಿ ಹೆದರಿದ್ದೆ. ಆದರೆ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡಬೇಕು, ಒಂದು ಸಂಗತಿ ಒಂದೇ ಕಡೆ ಇರಬೇಕು, ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಸಂಖ್ಯೆಯ ಕೊಂಡಿ ಇರಬೇಕು ಎಂದು ಅಧ್ಯಾಪಕರು ವಿವರಿಸಿದಾಗ ನನಗೆ ನಗು ಬಂತು. ಐ.ಬಿ.ಎಂ. ಕಂಪನಿಯಲ್ಲಿದ್ದ ಕಾಡ್ ಎಂಬವರು ೧೯೭೦ರಲ್ಲಿ ಪ್ರಕಟಿಸಿದ ಲೇಖನ ಈ ವಿದ್ಯೆಗೆ ಮೂಲವಂತೆ. ಇರಲಿ, ನಮ್ಮ ಅಂಗಡಿಯಲ್ಲಿ ದಿನದ ವ್ಯಾಪಾರವೆಲ್ಲ ಕಿರ್ದಿಗೆ, ಆಮೇಲೆ ಒಬ್ಬೊಬ್ಬ ಗಿರಾಕಿಯ ಲೆಕ್ಕ ಅವನವನ ಖಾತೆಯ ಪುಟಕ್ಕೆ. ಕಿರ್ದಿಯ ಸಾಲಿನ ಅಂಚಿನಲ್ಲಿ ಖಾತೆಯ ಪುಟದ ಸಂಖ್ಯೆ. ಹುಡುಗಿಯಾಗಿದ್ದಾಗ ಆ ಸಂಖ್ಯೆಗಳನ್ನು ಬರೆಯುತ್ತಿದ್ದವಳೇ ನಾನು. ಕೊಂಡಿಯೆಂದರೆ ಅದೇ!

ಕೊನೆಯ ವರ್ಷ ಯಾವುದಾದರೊಂದು ವ್ಯವಹಾರಕ್ಕೆ ಮಾಹಿತಿ ವ್ಯವಸ್ಥೆ ಕಟ್ಟಿ ತೋರಿಸಬೇಕಿತ್ತು. ನಾನು ಅಪ್ಪನ ಅಂಗಡಿಯನ್ನೇ ಆರಿಸಿಕೊಂಡೆ. ತಮ್ಮನಿಗೆ ಹೇಳಿದೆ, ಗೆದ್ದಲು ಬಿಟ್ಟು ಉಳಿಸಿದ್ದ ೨೦೦೩ರ ಕಿರ್ದಿ ಖಾತೆಗಳ ಪುಟಗಳನ್ನು ಫೋಟೋ ಹಿಡಿದು ಕಳಿಸಿದ. ಒಂದೊಂದೇ ಸಾಲನ್ನು ಯಂತ್ರಕ್ಕೆ ಉಣಿಸಿದೆ. ಎರಡು ಕೋಷ್ಟಕಗಳಿಗೂ ಕೊಂಡಿ ಹಾಕಿ ವರ್ಷದ ಉದ್ದರಿ ಎಷ್ಟೆಂದು ಕೇಳಿದೆ. ಬಂದ ಮೊತ್ತ ಕಿರ್ದಿಯ ಮೊತ್ತಕ್ಕಿಂತ ಹತ್ತೊಂಬತ್ತು ಸಾವಿರದ ಚಿಲ್ಲರೆ ಕಡಿಮೆ!

ಮೂರು ರಾತ್ರಿ ತಪ್ಪು ಹುಡುಕಿದೆ. ಆ ಶಾಸ್ತ್ರದಲ್ಲಿ ಕೋಷ್ಟಕದ ಖಾಲಿ ಮನೆಗೆ 'ನಲ್' ಎನ್ನುತ್ತಾರೆ. ನಲ್ ಎಂದರೆ ಸೊನ್ನೆಯಲ್ಲ. ಸೊನ್ನೆ ಎಂಬುದು 'ಏನೂ ಬಾಕಿಯಿಲ್ಲ' ಎಂಬ ಖಚಿತವಾದ ಮಾತು. ನಲ್ ಎಂದರೆ 'ಗೊತ್ತಿಲ್ಲ'. ಎರಡು ನಲ್‌ಗಳು ಸಮವೇ ಎಂದು ಕೇಳಿದರೆ ಯಂತ್ರ ಹೌದೂ ಎನ್ನದು, ಅಲ್ಲವೂ ಎನ್ನದು. ಅತ್ತೆಯ ಸಾರು ರುಚಿಯೋ ತಾಯಿಯ ಸಾರು ರುಚಿಯೋ ಎಂದು ಕೇಳಿಸಿಕೊಂಡ ಹೊಸ ಸೊಸೆಯ ಹಾಗೆ ಗೊತ್ತಿಲ್ಲ ಎಂದುಬಿಡುತ್ತದೆ. ಕೊಂಡಿಯ ಮನೆ ಖಾಲಿಯಿದ್ದ ಸಾಲುಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮತ್ತೆ ಫೋಟೋಗಳನ್ನು ನೋಡಿದೆ. ರಾಗಿ ಹತ್ತು ಕಿಲೋ, ಬೇಳೆ ಒಂದು ಕಿಲೋ, ಬೆಲೆ ಇಷ್ಟು. ಅಂಚಿನಲ್ಲಿ ಯಾರ ಪುಟವೆಂಬ ಸಂಖ್ಯೆ ಮಾತ್ರ ಇಲ್ಲ. ಇಂಥ ಸಾಲುಗಳು ಒಂದೆರಡಲ್ಲ.

ತಮ್ಮನನ್ನು ಕೇಳಿದೆ. "ಆ ವರ್ಷ ಬರ ಅಲ್ಲವೇ ಅಕ್ಕ? ತೆಂಗಿಗೆ ನುಸಿ ಪೀಡೆ ಬೇರೆ. ಕೊಬ್ಬರಿಯೇ ಇಲ್ಲದಿದ್ದಾಗ ಯಾರು ತೀರಿಸುತ್ತಾರೆ? ನಾನೂ ಅಪ್ಪನನ್ನು ಕೇಳಿದ್ದೆ. ಸರಕು ಹೋದದ್ದನ್ನು ಬರೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಹೆಸರು ಬರೆದರೆ ನಾಳೆ ಅವರ ಮಕ್ಕಳು ಓದಬೇಕಾಗುತ್ತದೆ ಎಂದರು."

ಓದುಗರು ಇಲ್ಲಿ ಅಪ್ಪನಿಗೆ ಕೈ ಮುಗಿಯಬಹುದು. ನನಗೆ ಮುಗಿಯಲಾಗಲಿಲ್ಲ. ಹತ್ತೊಂಬತ್ತು ಸಾವಿರದಲ್ಲಿ ಮಾನಸಗಂಗೋತ್ರಿಯ ಶುಲ್ಕ, ಹಾಸ್ಟೆಲಿನ ಊಟ ಎಲ್ಲ ಕಳೆದು ಒಂದು ವರ್ಷ ಸುಖವಾಗಿ ಓದಬಹುದಿತ್ತು. ಕೈಯಲ್ಲಿ ಕಾಸಿಲ್ಲವೆಂದದ್ದು ಸುಳ್ಳಲ್ಲ. ಕಾಸು ಎಲ್ಲಿಗೆ ಹೋಯಿತೆಂದು ಹೇಳಿರಲಿಲ್ಲ, ಅಷ್ಟೆ. ಆ ವಾರ ನಾನು ಅವರ ಪಟದ ಮುಂದೆ ದೀಪ ಹಚ್ಚಲಿಲ್ಲ.

ಖಾಲಿ ಬಿಡಕೂಡದೆಂದು ಒಂದು ಮಾತು ಬರೆದರೆ ಸಾಕು, ಹೆಸರಿಲ್ಲದ ಸಾಲನ್ನು ಯಂತ್ರ ಒಳಕ್ಕೇ ಬಿಡುವುದಿಲ್ಲ. ಒಂದು ರಾತ್ರಿ ಸಿಟ್ಟಿನಲ್ಲಿ ಬರೆದೆ. ಬೆಳಗಾಗುವುದರೊಳಗೆ ಅಳಿಸಿದೆ. ಅಂಗಡಿಯ ಲೆಕ್ಕ ಕಟ್ಟಲು ಹೋಗಿ ಅಪ್ಪನ ಅಂಗಡಿಗೇ ಬೀಗ ಹಾಕಿದಂತಾಗಿತ್ತು ಅದು. ಕೊಂಡಿಯಿಲ್ಲದ ಸಾಲುಗಳೂ ಮೊತ್ತಕ್ಕೆ ಸೇರುವಂತೆ ಬೇರೆ ರೀತಿಯಲ್ಲಿ ಕೇಳುವುದನ್ನು ಕಲಿತೆ. ಮೊತ್ತ ಸರಿಹೋಯಿತು.

"ಈ ಮನೆ ಖಾಲಿ ಬಿಡಬಹುದೆಂದು ಏಕೆ ಇಟ್ಟಿರಿ? ಸಾಲ ವಸೂಲಾಗುವುದು ಹೇಗೆ?" ಎಂದು ಅಧ್ಯಾಪಕರು ಕೇಳಿದರು.

"ಅಂಗಡಿಯ ಯಜಮಾನರ ಅಪೇಕ್ಷೆ ಹಾಗಿತ್ತು" ಎಂದೆ. ಮೊದಲು ಯಜಮಾನನಿಗೆ ಬೇಕಾದ್ದೇನೆಂದು ತಿಳಿಯಿರಿ ಎಂದು ಕಲಿಸಿದವರು ಅವರೇ.

"ಅವರನ್ನು ಕೇಳಿದಿರಾ?"

"ಈಗ ಕೇಳುವ ಹಾಗಿಲ್ಲ. ಅವರ ಪುಸ್ತಕವನ್ನು ಕೇಳಿದೆ."

ಅವರು ತುಸು ಹೊತ್ತು ಕಾಗದ ನೋಡಿದರು. ಮೂರು ಅಂಕ ಕಳೆದರು. ಅಪ್ಪ ಕಳೆದದ್ದಕ್ಕೆ ಹೋಲಿಸಿದರೆ ದೊಡ್ಡದಲ್ಲ.

೨೦೧೫ರ ಮೇ ತಿಂಗಳಲ್ಲಿ ಪದವಿ ಪ್ರದಾನವಾಯಿತು. ವೇದಿಕೆಯಿಂದ ಕೂಗಿದ ಹೆಸರಿನಲ್ಲಿ ಅಪ್ಪನದೂ ಇತ್ತು. ಉಚ್ಚಾರ ಮಾತ್ರ ಅವರಿಗೇ ಗುರುತು ಸಿಗದಂತಿತ್ತು. ಮನೆಗೆ ಬಂದು ಪ್ರಮಾಣಪತ್ರವನ್ನು ಅವರ ಪಟದ ಪಕ್ಕದಲ್ಲಿಟ್ಟು ದೀಪ ಹಚ್ಚಿದೆ.

ಎಂ.ಎ. ಆಗದ ಕೊರಗು ಅಲ್ಲಿಗೆ ತೀರಿತೇ ಎಂದು ಕೇಳುವಿರಾದರೆ, ಆ ಮನೆಯಲ್ಲಿ ಸೊನ್ನೆ ಬರೆಯಲು ನನಗೆ ಇನ್ನೂ ಕೈ ಬಂದಿಲ್ಲ. ಖಾಲಿ ಬಿಟ್ಟಿದ್ದೇನೆ.