ಅಪ್ಪ ಹೇಳಿದ ಮೇಲೆ

ನನ್ನ ತಂದೆ ಸಲಿಂಗಿ. ಅವರು ಅದನ್ನು ನಮಗೆ ಹೇಳಿದ್ದು 2019ರ ಬೇಸಿಗೆಯಲ್ಲಿ, ತಮ್ಮನ ಮದುವೆ ಮುಗಿದು ನೆಂಟರೆಲ್ಲ ಊರಿಗೆ ಮರಳಿದ ಮೇಲೆ. ಆಗ ಅವರಿಗೆ ಅರವತ್ತನಾಲ್ಕು ವರ್ಷ. ಇದನ್ನು ಬರೆಯುತ್ತೇನೆ ಎಂದಾಗ ಅಪ್ಪ ಕೂಡಲೇ ಒಪ್ಪಿದರು. ಅಮ್ಮ ಮಾತ್ರ ಒಂದು ಷರತ್ತು ಹಾಕಿದಳು. "ಅವರ ಕಷ್ಟ ಒಂದನ್ನೇ ಬರೆಯೋದಾದ್ರೆ ನನ್ನ ಒಪ್ಪಿಗೆ ಇಲ್ಲ. ನನ್ನದೂ ಬರಿ." ಆದ್ದರಿಂದ ಇಬ್ಬರದನ್ನೂ ಬರೆಯುತ್ತಿದ್ದೇನೆ. ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರು. ಹೆಸರುಗಳನ್ನು ಬಿಟ್ಟಿದ್ದೇನೆ.

ಅಪ್ಪ ಬ್ಯಾಂಕಿನಲ್ಲಿದ್ದರು. ಗುಮಾಸ್ತರಾಗಿ ಸೇರಿ ಮ್ಯಾನೇಜರಾಗಿ ನಿವೃತ್ತರಾದವರು. ನಡುವೆ ಕೆಲವು ವರ್ಷ ಮೈಸೂರಿಗೆ ವರ್ಗವಾಗಿತ್ತು. ನಮ್ಮ ಶಾಲೆ ತಪ್ಪಬಾರದೆಂದು ಅಮ್ಮ ನಮ್ಮಿಬ್ಬರನ್ನು ಇಟ್ಟುಕೊಂಡು ಊರಲ್ಲೇ ಉಳಿದಿದ್ದಳು. ಅಲ್ಲಿ ಅಪ್ಪನಿಗೆ ಒಬ್ಬರು ಸ್ನೇಹಿತರಾದರು. ದೀಪಾವಳಿಗೆ ನಮ್ಮ ಮನೆಗೆ ಬರುತ್ತಿದ್ದರು. ನಾವು ಅವರನ್ನು ಮೈಸೂರು ಮಾಮ ಎನ್ನುತ್ತಿದ್ದೆವು. ನನಗೆ ಮೊದಲ ಬಾರಿ ಗಣಿತದ ಭಯ ಬಿಡಿಸಿದವರು ಅವರೇ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಭಾರತೀಯ ದಂಡ ಸಂಹಿತೆಯ 377ನೇ ಕಲಮು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟರು. ಆ ಸಂಜೆ ಅಪ್ಪ ಒಂದು ವಾಹಿನಿ ಮುಗಿದರೆ ಇನ್ನೊಂದು ಹಾಕಿ ಅದೇ ಸುದ್ದಿ ನೋಡುತ್ತಿದ್ದರಂತೆ. ಅಮ್ಮ ಅದನ್ನು ಆಮೇಲೆ ನೆನೆಸಿಕೊಂಡು ಹೇಳಿದಳು.

ಬೇಸಿಗೆಯ ಆ ಮಧ್ಯಾಹ್ನ ಅಪ್ಪ ನಮ್ಮನ್ನು ನಡುಮನೆಯಲ್ಲಿ ಕೂರಿಸಿಕೊಂಡು ಹೇಳಿದ್ದು ಇಷ್ಟು: "ಪೂರ್ತಿ ಕೇಳಿ, ಆಮೇಲೆ ಬೈಯಿರಿ. ಚಿಕ್ಕಂದಿನಿಂದ್ಲೂ ನನ್ನ ಮನಸ್ಸು ಹೋಗಿದ್ದು ಗಂಡಸರ ಕಡೆಗೇ. ನಿಮ್ಮಮ್ಮನಿಗೆ ಅನ್ಯಾಯ ಮಾಡಿದೀನಿ. ಮಕ್ಕಳ ಮದುವೆ ಆಗ್ಲಿ ಅಂತ ತಡೆದೆ. ಇನ್ನು ನನ್ನಿಂದ ಆಗಲ್ಲ." ತಮ್ಮ ಎದ್ದು ಹೊರಗೆ ಹೋದ. ಅಮ್ಮ ಒಂದೇ ಪ್ರಶ್ನೆ ಕೇಳಿದಳು. "ಮೈಸೂರಿನವರಾ?" ಅಪ್ಪ ಹೌದೆಂದು ತಲೆಯಾಡಿಸಿದರು.

ಆ ವಾರವೇ ಅಮ್ಮ ನನ್ನ ಜೊತೆ ದಾವಣಗೆರೆಗೆ ಬಂದುಬಿಟ್ಟಳು. ರಾತ್ರಿ ನಿದ್ದೆ ಇಲ್ಲ, ತಟ್ಟೆ ಮುಂದಿಟ್ಟರೆ ಎರಡು ತುತ್ತು. ಸಕ್ಕರೆ ಕಾಯಿಲೆ ಹಿಡಿತ ತಪ್ಪಿತು. ಅವಳಿಗೆ ಅತಿ ಹೆಚ್ಚು ನೋವಾದದ್ದು ಮೈಸೂರು ಮಾಮನಿಗೆ ಊಟ ಬಡಿಸಿದ್ದನ್ನು ನೆನೆದಾಗ. "ಅವರಿಗೆ ಇಷ್ಟ ಅಂತ ಕಡುಬು ಮಾಡಿ, ಮೇಲೆ ತುಪ್ಪ ಹಾಕಿ ಬಡಿಸ್ತಿದ್ದೆನಲ್ಲೇ. ನನ್ನ ಮನೇಲೇ ನಾನು ಏನೂ ಅರಿಯದವಳಾಗಿದ್ದೆ." ಈ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅಪ್ಪನ ಬಗ್ಗೆ ಎಷ್ಟೇ ಮರುಕವಿರಲಿ, ಇದು ಮೋಸವೇ. ಅಮ್ಮನ ಸಿಟ್ಟು ನ್ಯಾಯವಾದದ್ದು. ಅದನ್ನು ಯಾರೂ ಹಿಂದುಳಿದ ಯೋಚನೆ ಎಂದು ತಳ್ಳಿಹಾಕಬಾರದು.

ಗೌರಿ ಹಬ್ಬ ಹತ್ತಿರ ಬಂದಾಗ ಅವಳೇ ಹೊರಟು ನಿಂತಳು. "ಅದು ನನ್ನ ಮನೆ. ಹಬ್ಬ ನಾನೇ ಮಾಡಬೇಕು."

ಅಷ್ಟರಲ್ಲಿ ತಮ್ಮ ಅಪ್ಪನನ್ನು ಬೆಂಗಳೂರಿನ ಒಬ್ಬ ವೈದ್ಯರ ಬಳಿ ಕರೆದೊಯ್ದಿದ್ದ. ಮಾತ್ರೆ ಮತ್ತು ಕೆಲವು ತಿಂಗಳ ಚಿಕಿತ್ಸೆಯಿಂದ ಬದಲಾಯಿಸಬಹುದು ಎಂದು ಅವರು ಭರವಸೆ ಕೊಟ್ಟರಂತೆ. ಅಪ್ಪ ಮಾತ್ರೆಗಳನ್ನು ನುಂಗಿದರು. ಮಗನಿಗಾಗಿ ನುಂಗಿದರು. ಕೈ ನಡುಗಲು ಶುರುವಾಯಿತು, ಹಗಲಲ್ಲೂ ಮಂಪರು. ನಾನು ಅವರನ್ನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯೆಯೊಬ್ಬರಿಗೆ ತೋರಿಸಿದೆ. ಅವರು ಚೀಟಿ ನೋಡಿ ಆ ಮಾತ್ರೆಗಳನ್ನು ಹಂತಹಂತವಾಗಿ ನಿಲ್ಲಿಸಿದರು. ಸಲಿಂಗ ಪ್ರೇಮವನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ, ಭಾರತೀಯ ಮನೋವೈದ್ಯರ ಸಂಘವೂ ಇದು ಕಾಯಿಲೆಯಲ್ಲ ಎಂದು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ ಎಂದು ವಿವರಿಸಿದರು. ಆಮೇಲೆ ಕೇಳಿದರು: "ನಿಮ್ಮ ಮನೆಯಲ್ಲಿ ನಿದ್ದೆ ಮಾಡದೆ ಇರೋರು ಯಾರು? ಅವರನ್ನ ಕರೆದುಕೊಂಡು ಬನ್ನಿ." ಚಿಕಿತ್ಸೆ ಬೇಕಿದ್ದುದು ಅಮ್ಮನಿಗೆ. ಅದು ಶುರುವಾಯಿತು, ಫಲವನ್ನೂ ಕೊಟ್ಟಿತು. ಅಪ್ಪನಿಗೆ ಕೊಟ್ಟಂಥ ಬದಲಾವಣೆಯ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿತು. ನಮ್ಮ ಮನೆಯ ಮಟ್ಟಿಗೆ ಅದು ತಡವಾಗಿ ಬಂತು. ಈಗ ಹಾಗೆ ಭರವಸೆ ಕೊಡುವ ವೈದ್ಯರು ಸಿಕ್ಕಿದರೆ ರಾಜ್ಯ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಸುದ್ದಿ ನೆಂಟರಲ್ಲಿ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಅರವತ್ತಕ್ಕೆ ಅರಳು ಮರಳು ಎಂದರು ಚಿಕ್ಕಪ್ಪ. "ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೋನಿಗೆ ಇನ್ನೊಂದಿಷ್ಟು ವರ್ಷ ಕಳೆಯೋಕೆ ಏನಾಗಿತ್ತು?" ಎಂದರು. ಅಮ್ಮನ ಕಡೆಯವರು ಅಮ್ಮನನ್ನೇ ಹಿಡಿದರು. "ಎರಡು ಮಕ್ಕಳನ್ನ ಹೆತ್ತವಳಿಗೆ ಇದು ಗೊತ್ತಾಗಲಿಲ್ವಾ?" ಆ ಮಾತು ಕೇಳಿದ ಮೇಲೆ ಅಮ್ಮ ತವರಿಗೆ ಹೋಗುವುದನ್ನೇ ಬಿಟ್ಟಳು. ಗಂಡ ಬಾಯಿಬಿಟ್ಟು ಹೇಳದ ವಿಷಯವನ್ನು ಹೆಂಡತಿ ತಾನಾಗಿ ಅರಿಯಬೇಕಿತ್ತು ಎಂದು ದೂರುವವರು, ಇಂಥ ಸುದ್ದಿ ಹೊರಬಿದ್ದ ಮನೆಯಲ್ಲಿ ಮೊದಲು ಮುರಿಯುವುದು ಆ ಹೆಂಡತಿಯೇ ಎಂಬುದನ್ನು ಕಾಣುವುದಿಲ್ಲ.

ನನ್ನನ್ನು ಕಾಡಿದ್ದು ಬೇರೆ. ನಾನು ಹುಟ್ಟಿದ್ದು, ಬೆಳೆದದ್ದು, ಅಪ್ಪನ ಸೈಕಲ್ಲಿನ ಮುಂದೆ ಕೂತು ಜಾತ್ರೆಗೆ ಹೋದದ್ದು, ಎಲ್ಲವೂ ಬಲವಂತದ ಬದುಕಿನ ಭಾಗವಾಗಿತ್ತೇ? ಒಂದು ದಿನ ನೇರವಾಗಿ ಕೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ನಿಮ್ಮಿಬ್ಬರ ವಿಷಯದಲ್ಲಿ ನಾನು ಯಾವತ್ತೂ ನಟಿಸಲಿಲ್ಲ ಪುಟ್ಟೀ. ಮನೆಗೆ ಬರೋಕೆ ನನಗಿದ್ದ ಕಾರಣವೇ ನೀವು." ನಾನು ಅದನ್ನು ನಂಬಿದ್ದೇನೆ. ನಂಬಲು ನನ್ನ ಬಾಲ್ಯವೇ ಸಾಕ್ಷಿ. ಆದರೆ ಅದೇ ಉತ್ತರ ಅಮ್ಮನನ್ನು ಇನ್ನಷ್ಟು ಒಂಟಿಯಾಗಿಸುತ್ತದೆ ಎಂಬುದೂ ನನಗೆ ಅರ್ಥವಾಯಿತು. ಮನೆಗೆ ಬರುವ ಕಾರಣಗಳಲ್ಲಿ ಅವಳಿರಲಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಮನೆಯಲ್ಲಿ ಇಬ್ಬರೇ. ಅಪ್ಪ ಮಹಡಿಯ ಕೋಣೆಗೆ ಹಾಸಿಗೆ ಸಾಗಿಸಿದ್ದರು. ಅಮ್ಮ ಅಡುಗೆ ಮಾಡಿ ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಿದ್ದಳು, ಅಪ್ಪ ಉಂಡು ಪಾತ್ರೆ ತೊಳೆದಿಟ್ಟು ಮೇಲೆ ಹತ್ತುತ್ತಿದ್ದರು. ನಾನು ದಿನವೂ ಇಬ್ಬರಿಗೂ ಬೇರೆಬೇರೆಯಾಗಿ ಫೋನ್ ಮಾಡುತ್ತಿದ್ದೆ. ಎಲ್ಲಿಗೂ ಹೋಗಲಾಗದ, ಯಾರೂ ಬರಲಾಗದ ಆ ದಿನಗಳಲ್ಲಿ ಅಮ್ಮ ಒಂದು ಸಂಜೆ ಅಪ್ಪನನ್ನು ಕೆಳಗೆ ಕರೆದು ಕೇಳಲು ಶುರು ಮಾಡಿದಳು. ಅಂದಿನಿಂದ ಹಲವು ಸಂಜೆ ಅವಳು ಕೇಳಿದಳು, ಅಪ್ಪ ಒಂದನ್ನೂ ಮುಚ್ಚಿಡದೆ ಹೇಳಿದರು.

ಮೊದಲ ಪ್ರಶ್ನೆ: "ನನ್ನಲ್ಲಿ ಏನು ಕೊರತೆ ಇತ್ತು?"

1982ರಲ್ಲಿ ಮದುವೆಯಾದಾಗಿನಿಂದ ಅಮ್ಮ ಈ ಪ್ರಶ್ನೆಯನ್ನು ಒಳಗಿಟ್ಟುಕೊಂಡಿದ್ದಳು. ತನ್ನ ಬಣ್ಣ ಕಪ್ಪು, ತಾನು ಹೆಚ್ಚು ಓದಿದವಳಲ್ಲ, ಅದಕ್ಕೇ ಇವರು ದೂರ ಇರುತ್ತಾರೆ ಎಂದು ನಂಬಿ ಬದುಕಿದ್ದಳು. ಅಪ್ಪ ಹೇಳಿದರಂತೆ, "ನಿನ್ನಲ್ಲಿ ಯಾವ ಕೊರತೆಯೂ ಇರಲಿಲ್ಲ. ನಿನ್ನ ಜಾಗದಲ್ಲಿ ಯಾರಿದ್ದರೂ ಹೀಗೇ ಆಗ್ತಿತ್ತು." ಅಮ್ಮ ಅದಕ್ಕೆ ಅಂದದ್ದನ್ನು ನನಗೆ ಫೋನಿನಲ್ಲಿ ಹೇಳಿದಳು: "ಈ ಮಾತು ನನಗೆ ಇಪ್ಪತ್ತೈದರಲ್ಲಿ ಬೇಕಿತ್ತು ಅಂದೆ. ಅವರು ಅತ್ತರು. ನಾನು ಅಳಲಿಲ್ಲ."

ಅದೇ ಸಂಜೆಗಳಲ್ಲಿ ಇನ್ನೊಂದು ಸಂಗತಿ ಹೊರಬಂತು. ಮದುವೆಗೆ ಮೊದಲು ಅಪ್ಪ ನನ್ನ ಅಜ್ಜನಿಗೆ ವಿಷಯ ತಿಳಿಸಿದ್ದರು. ಮದುವೆ ಬೇಡ, ಹೆಣ್ಣಿನ ಬಾಳು ಹಾಳಾಗುತ್ತದೆ ಎಂದು ಕಾಲು ಹಿಡಿದಿದ್ದರು. ಅಜ್ಜ ಒಬ್ಬ ಪಂಡಿತರಿಂದ ಔಷಧ ಕೊಡಿಸಿದರು, ಹರಕೆ ಹೊತ್ತರು, ಆಮೇಲೆ ಹೆಣ್ಣು ನೋಡಿದರು. "ಮದುವೆ ಆದ್ರೆ ಎಲ್ಲ ಸರಿಹೋಗ್ತದೆ" ಎಂದರು. ಅಜ್ಜ ಕೆಟ್ಟವರಾಗಿರಲಿಲ್ಲ. ಮಗ ಒಂಟಿಯಾಗಿ ಮುದುಕನಾಗುತ್ತಾನೆ, ಮನೆತನದ ಹೆಸರು ಬೀದಿಗೆ ಬರುತ್ತದೆ ಎಂದು ಹೆದರಿದವರು. ಅವರ ಹೆದರಿಕೆಯ ಬೆಲೆಯನ್ನು ತೆತ್ತವಳು ಅಮ್ಮ. ಅವಳ ಮನೆಯವರು ಹುಡುಗನ ಸಂಬಳ ಕೇಳಿದರು, ಗೋತ್ರ ಕೇಳಿದರು, ಜಾತಕ ನೋಡಿದರು. ಗೊತ್ತಿದ್ದವರು ಬಾಯಿ ಬಿಡಲಿಲ್ಲ.

ಕಾನೂನಿನ ಹೆದರಿಕೆಯೂ ಸುಳ್ಳಲ್ಲ. 1860ರಲ್ಲಿ ಬ್ರಿಟಿಷರು ಬರೆದಿಟ್ಟ ಆ 377ನೇ ಕಲಮಿನಡಿ ಜೀವಾವಧಿ ಶಿಕ್ಷೆಯವರೆಗೂ ಅವಕಾಶವಿತ್ತು. ಒಂದು ದೂರು ದಾಖಲಾಗಿದ್ದರೆ ಬ್ಯಾಂಕಿನ ಕೆಲಸಕ್ಕೂ ಸಂಚಕಾರ. 2009ರಲ್ಲಿ ದೆಹಲಿ ಹೈಕೋರ್ಟ್ ಇದು ಅಪರಾಧವಲ್ಲ ಎಂದು ತೀರ್ಪು ಕೊಟ್ಟು ಬಾಗಿಲು ತೆರೆದಾಗ ಹೇಳಿಬಿಡೋಣ ಎಂದುಕೊಂಡಿದ್ದರಂತೆ ಅಪ್ಪ. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿದಾಗ ಮತ್ತೆ ಬಾಯಿ ಕಟ್ಟಿತು. ಸಲಿಂಗಿಗಳ ಬದುಕನ್ನು ಹೇಳುವ ವಸುಧೇಂದ್ರರ 'ಮೋಹನಸ್ವಾಮಿ' ಪುಸ್ತಕ ಬಂದದ್ದೂ ಅದೇ 2013ರಲ್ಲಿ. ಅಪ್ಪನ ಕಪಾಟು ಖಾಲಿ ಮಾಡುವಾಗ ಅದರ ಒಂದು ಪ್ರತಿ ಸಿಕ್ಕಿತು. ಮುಖಪುಟ ಕಾಣದಂತೆ ಹಳೇ ಪತ್ರಿಕೆಯ ಹಾಳೆಯ ಹೊದಿಕೆ ಹಾಕಿದ್ದರು.

2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು, ಶತಮಾನಗಳ ಅವಮಾನಕ್ಕೆ ಪರಿಹಾರ ತಡವಾದದ್ದಕ್ಕಾಗಿ ಚರಿತ್ರೆಯು ಈ ಸಮುದಾಯದ ಮತ್ತು ಅವರ ಕುಟುಂಬಗಳ ಕ್ಷಮೆ ಕೇಳಬೇಕು ಎಂಬ ಅರ್ಥದಲ್ಲಿ ಬರೆದಿದ್ದಾರೆ. ಕುಟುಂಬವನ್ನೂ ಅವರು ಸೇರಿಸಿದ್ದನ್ನು ಅಮ್ಮನಿಗೆ ತಿಳಿಸಿದೆ. ಅವಳು ಸ್ವಲ್ಪ ಯೋಚಿಸಿ, "ಯಾರು ಬಂದು ಕೇಳ್ತಾರೆ? ನಿಮ್ಮಜ್ಜ ಇದ್ದಿದ್ರೆ ಕೇಳಬಹುದಿತ್ತು" ಎಂದಳು.

2021ರಲ್ಲಿ ಅಪ್ಪ ಮೈಸೂರಿಗೆ ಹೋದರು. ಅದಕ್ಕೆ ಮೊದಲು ಊರಿನ ಮನೆಯನ್ನು ದಾನಪತ್ರ ಮಾಡಿಸಿ ಅಮ್ಮನ ಹೆಸರಿಗೆ ನೋಂದಾಯಿಸಿದರು. ಪಿಂಚಣಿಯ ಒಂದು ಪಾಲು ತಿಂಗಳ ಮೊದಲ ವಾರವೇ ಅವಳ ಖಾತೆಗೆ ಬರುವಂತೆ ಬ್ಯಾಂಕಿಗೆ ಬರೆದುಕೊಟ್ಟರು. ವಕೀಲರು ಪರಸ್ಪರ ಒಪ್ಪಿಗೆಯ ವಿಚ್ಛೇದನದ ದಾರಿಯನ್ನೂ ವಿವರಿಸಿದರು. ಅಮ್ಮ ಬೇಡ ಎಂದಳು. ವಿಚ್ಛೇದನವಾದರೆ ಅಪ್ಪನ ನಂತರ ಬರುವ ಕುಟುಂಬ ಪಿಂಚಣಿ ಅವಳಿಗಿಲ್ಲ. "ಈ ಮನೆಗೆ ನಾನು ದುಡಿದಿದ್ದೀನಿ. ಅದನ್ನ ಬಿಟ್ಟುಕೊಡಲ್ಲ" ಎಂದಳು. ಲೋಕಕ್ಕೆ ಅಂಜಿ ಅವಳು ಮದುವೆಯನ್ನು ಉಳಿಸಿಕೊಂಡಿದ್ದಾಳೆ ಎಂದು ಕೆಲವರು ತಿಳಿದಿದ್ದಾರೆ. ಅವಳು ಉಳಿಸಿಕೊಂಡಿರುವುದು ತನ್ನ ಹಕ್ಕನ್ನು.

ಅಪ್ಪ ಮತ್ತು ಮೈಸೂರು ಮಾಮನಿಗೆ ಕಾನೂನಿನ ಆಸರೆ ಇವತ್ತಿಗೂ ಅಷ್ಟಕ್ಕಷ್ಟೇ. ಸಲಿಂಗ ವಿವಾಹದ ಹಕ್ಕನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಮಾನ್ಯ ಮಾಡಲಿಲ್ಲ. ಆದರೆ ಇಂಥ ಜೋಡಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು. ಬದುಕಿಡೀ ಬೇರೆಯವರ ಖಾತೆ ತೆರೆದುಕೊಟ್ಟ ಅಪ್ಪ, ಮಾಮನ ಜೊತೆ ಹೋಗಿ ಜಂಟಿ ಖಾತೆ ತೆರೆದರು. ತೆರೆಯುವ ಮುನ್ನ ಅಮ್ಮನಿಗೆ ಫೋನ್ ಮಾಡಿ ತಿಳಿಸಿದರು. ಈಗ ಅವರು ಯಾವುದನ್ನೂ ಅವಳಿಗೆ ತಿಳಿಸದೆ ಮಾಡುವುದಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ತಮ್ಮ ಅಪ್ಪನ ಜೊತೆ ಆರೋಗ್ಯ, ಹಣ ಇಷ್ಟನ್ನೇ ಮಾತಾಡುತ್ತಾನೆ. ಮೈಸೂರಿನ ಮನೆಗೆ ಇನ್ನೂ ಕಾಲಿಟ್ಟಿಲ್ಲ. ಹೊಸದಾಗಿ ಬೀಗರಾದವರ ಮುಂದೆ ಅವನು ಪಟ್ಟ ಮುಜುಗರ ಸಣ್ಣದಲ್ಲ. ಅಮ್ಮ ಮಾಮನ ಹೆಸರೆತ್ತುವುದಿಲ್ಲ. ಮಮ್ಮುಟ್ಟಿ ಮತ್ತು ಜ್ಯೋತಿಕಾ ನಟಿಸಿದ ಮಲಯಾಳಂ ಸಿನಿಮಾ 'ಕಾದಲ್' ನೋಡಿದಾಗ, ಸಲಿಂಗಿ ಗಂಡನ ವಿರುದ್ಧ ತಾನೇ ಕೋರ್ಟಿಗೆ ಹೋಗುವ ಹೆಂಡತಿಯನ್ನು ಅವಳು ಕಣ್ಣು ಕೀಳದೆ ನೋಡಿದಳು. "ಆ ಹೆಂಗಸಿಗೆ ಕೋರ್ಟಲ್ಲಿ ಕೇಳೋ ಧೈರ್ಯ ಇತ್ತು. ನನಗೆ ಮನೇಲಾದ್ರೂ ಕೇಳೋ ಧೈರ್ಯ ಬಂತಲ್ಲ" ಎಂದಳು. ಅಪ್ಪ ಈಗ ನಿದ್ದೆ ಮಾಡುತ್ತಾರೆ, ನಗುತ್ತಾರೆ. ಅಮ್ಮನೂ ನಿದ್ದೆ ಮಾಡುತ್ತಾಳೆ. ಊರಿನ ಭಜನಾ ಮಂಡಳಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾಳೆ.

ಕಳೆದ ವರ್ಷ ನೆಂಟರೊಬ್ಬರು ಅಮ್ಮನಿಗೆ ಫೋನ್ ಮಾಡಿದರು. ಅವರ ಮಗ ತನ್ನ ವಿಷಯ ಮನೆಯಲ್ಲಿ ಹೇಳಿಕೊಂಡಿದ್ದಾನೆ, ಬೇಗ ಒಂದು ಹೆಣ್ಣು ಗೊತ್ತುಮಾಡಿ ಧಾರೆ ಎರೆಸಿದರೆ ಹುಡುಗ ದಾರಿಗೆ ಬರಬಹುದು, ನಿನಗೆ ಅನುಭವವಿದೆ, ಏನಂತೀಯ ಎಂದು ಕೇಳಿದರು. ಅಮ್ಮ ದನಿ ಏರಿಸದೆ ಹೇಳಿದಳು: "ಅಕ್ಕಾ, ನಿಮ್ಮ ಮಗ ನಿಮಗೆ ಹೇಳಿದ್ದಾನೆ. ನಮ್ಮ ಮಾವನವರಿಗೂ ಅವರ ಮಗ ಹೇಳಿದ್ದ. ಯಾವ ಮನೆ ಹುಡುಗಿನ ತರ್ತೀರೋ ಅವಳು ನಾನೇ ಅಂದ್ಕೊಳ್ಳಿ. ನಲವತ್ತು ವರ್ಷ ಆದ್ಮೇಲೆ ಅವಳು ಬಂದು, ನನ್ನಲ್ಲಿ ಏನು ಕೊರತೆ ಇತ್ತು ಅಂತ ಕೇಳಿದ್ರೆ ಏನು ಹೇಳ್ತೀರಿ? ಈಗಲೇ ಯೋಚನೆ ಮಾಡಿ." ಆ ಕಡೆಯವರು ಫೋನ್ ಇಟ್ಟರು. ಮರುದಿನ ಅಮ್ಮನೇ ಮತ್ತೆ ಮಾಡಿದಳು. ಅದರ ಮರುದಿನವೂ ಮಾಡಿದಳು.

ಆ ಮನೆಯವರು ತರಿಸಿಕೊಂಡಿದ್ದ ಜಾತಕವನ್ನು ಹೆಣ್ಣಿನ ಕಡೆಯವರಿಗೆ ಹಿಂದಿರುಗಿಸಿದ್ದಾರೆ. ಹುಡುಗನ ಬಗ್ಗೆ ಅವರ ಮನಸ್ಸು ಪೂರ್ತಿ ತಿಳಿಯಾಗಿಲ್ಲ, ಅದಕ್ಕೆ ಕಾಲ ಬೇಕು. ಆದರೆ ಎಲ್ಲೋ ಒಂದು ಊರಿನ ಒಬ್ಬ ಹುಡುಗಿ ನನ್ನ ಅಮ್ಮನ ಬದುಕನ್ನು ಬದುಕುವುದು ತಪ್ಪಿದೆ. ಮಗ ಬಂದು ತನ್ನ ಮನಸ್ಸು ತೆರೆದಿಟ್ಟಾಗ ಅಪ್ಪ ಅಮ್ಮಂದಿರು ಮೊದಲು ಮಾಡಬೇಕಾದ ಕೆಲಸ ಇದೊಂದೇ: ಮದುವೆಯ ಮಾತನ್ನು ಅಲ್ಲಿಗೇ ನಿಲ್ಲಿಸುವುದು. ಮಗನನ್ನು ಅರ್ಥ ಮಾಡಿಕೊಳ್ಳಲು ವರ್ಷಗಳೇ ಬೇಕಾಗಬಹುದು, ಇನ್ನೊಬ್ಬರ ಮಗಳನ್ನು ಉಳಿಸಲು ಅಷ್ಟು ಕಾಲ ಬೇಕಿಲ್ಲ.