ಭಾನುವಾರ ಕಲಿತ ಪದ ಎಲ್ಲಿ ಹೋಯಿತು?

ಭಾನುವಾರ ರಾತ್ರಿ ಎಂಟು ಗಂಟೆ. ನಾಲ್ಕನೇ ತರಗತಿಯ ಹುಡುಗನೊಬ್ಬ ಚಾಪೆಯ ಮೇಲೆ ಕುಳಿತು ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತಿದ್ದಾನೆ. ಬೆಳಗಾದರೆ ಶಾಲೆಯಲ್ಲಿ ಇಪ್ಪತ್ತು ಪದಗಳ ಉಕ್ತಲೇಖನ. ಜೊತೆಗೆ ಅರ್ಥವನ್ನೂ ಬರೆಯಬೇಕು. ‘ಹಾರ್ವೆಸ್ಟ್ ಅಂದರೆ ಕೊಯ್ಲು, ಹಾರ್ವೆಸ್ಟ್ ಅಂದರೆ ಕೊಯ್ಲು’ ಎಂದು ಹತ್ತು ಸಲ ಹೇಳಿ ಮುಂದಿನ ಪದಕ್ಕೆ ಹೋಗುತ್ತಾನೆ. ಎದುರಿಗೆ ಅಪ್ಪ ಕಾವಲು ಕುಳಿತಿದ್ದಾರೆ. ಸೋಮವಾರ ಹುಡುಗ ಇಪ್ಪತ್ತಕ್ಕೆ ಇಪ್ಪತ್ತು ಪಡೆದು ಬಂದ. ಮನೆಯಲ್ಲಿ ಎಲ್ಲರಿಗೂ ಸಂತೋಷ.

ತಿಂಗಳ ಪರೀಕ್ಷೆಯಲ್ಲಿ ಅವೇ ಪದಗಳು ಬಂದವು. ಅರ್ಧಕ್ಕರ್ಧ ತಪ್ಪು. ‘ಅವತ್ತು ಎಲ್ಲ ಬರೆದವನಿಗೆ ಇವತ್ತೇನು ಬಂತು? ಬರೀ ಸೋಮಾರಿತನ, ದಡ್ಡ!’ ಎಂದರು ಅಪ್ಪ. ಹುಡುಗ ತಲೆ ತಗ್ಗಿಸಿದ. ತಾನು ದಡ್ಡನೇ ಇರಬೇಕು ಎಂದು ಅವನೂ ನಂಬತೊಡಗಿದ. ಪದದ ಪುಸ್ತಕ ಕಂಡರೆ ಹೊಟ್ಟೆನೋವು ಎನ್ನುವಷ್ಟಕ್ಕೆ ಬಂತು.

ಪೋಷಕರ ಸಭೆಯಲ್ಲಿ ಅಪ್ಪ ಈ ದೂರನ್ನು ತರಗತಿಯ ಟೀಚರ ಮುಂದಿಟ್ಟರು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಸೋಮವಾರ ಆದ ಮೇಲೆ ಆ ಪದಗಳನ್ನ ಮತ್ತೆ ಯಾವತ್ತು ಕೇಳಿದ್ರಿ ಸರ್?’

‘ಪೂರ್ತಿ ಅಂಕ ಬಂದ ಮೇಲೆ ಮತ್ತೆ ಕೇಳೋದೇನಿದೆ ಟೀಚರ್?’

ಕೇಳುವುದು ಇತ್ತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ 1885ರಲ್ಲೇ ಇದನ್ನು ತೋರಿಸಿದ್ದರು. ಅವರು ಅರ್ಥವಿಲ್ಲದ ಸಣ್ಣ ಸಣ್ಣ ಅಕ್ಷರಗುಚ್ಛಗಳ ಸರಣಿಗಳನ್ನು ತಾವೇ ಬಾಯಿಪಾಠ ಮಾಡಿ, ಬೇರೆ ಬೇರೆ ಅವಧಿಯ ನಂತರ ಅವನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುತ್ತದೆಂದು ಅಳೆದರು. ಇಪ್ಪತ್ತು ನಿಮಿಷಕ್ಕೇ ಆ ಉಳಿತಾಯ ಶೇ 58ಕ್ಕೆ ಇಳಿದಿತ್ತು. ಒಂದು ದಿನಕ್ಕೆ ಶೇ 34ರಷ್ಟು. ಒಂದು ತಿಂಗಳಿಗೆ ಶೇ 21ರಷ್ಟು. ಎಂದರೆ, ಮರೆವಿನ ದೊಡ್ಡ ಪಾಲು ಮೊದಲ ದಿನವೇ ನಡೆದುಹೋಗುತ್ತದೆ. ಓದಿದ ದೊಡ್ಡವರ ಗತಿಯೇ ಹೀಗಾದರೆ ಒಂಬತ್ತು ವರ್ಷದ ಮಗುವನ್ನು ದಡ್ಡ ಎನ್ನುವುದು ಯಾವ ನ್ಯಾಯ?

ಅವರೇ ಇನ್ನೊಂದು ಸಂಗತಿಯನ್ನೂ ಕಂಡರು. ಒಂದೇ ದಿನ 68 ಸಲ ಓದಿ ಗಳಿಸಿದ ಫಲವನ್ನು, ಮೂರು ದಿನಗಳಿಗೆ ಹಂಚಿ ಒಟ್ಟು 38 ಸಲ ಓದಿಯೇ ಗಳಿಸಬಹುದಾಗಿತ್ತು. ಶಾಲೆಯ ಮಕ್ಕಳಲ್ಲೂ ಇದು ನಿಜವಾಗಿದೆ. 2011ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ಐದನೇ ತರಗತಿಯ ಮಕ್ಕಳು ಕೆಲವು ಕಠಿಣ ಪದಗಳನ್ನು ಬೆನ್ನು ಬೆನ್ನಿಗೆ ಎರಡು ಸಲ ಕಲಿತರು. ಇನ್ನು ಕೆಲವನ್ನು ಒಂದು ವಾರದ ಅಂತರ ಬಿಟ್ಟು ಎರಡು ಸಲ ಕಲಿತರು. ಐದು ವಾರಗಳ ನಂತರ ಕೇಳಿದಾಗ ಮೊದಲ ಬಗೆಯ ಪದಗಳಲ್ಲಿ ನೆನಪಿದ್ದುದು ಶೇ 7.5, ಎರಡನೆಯದರಲ್ಲಿ ಶೇ 20.8.

ಇದರ ಗುಟ್ಟೇನು? ಹತ್ತು ಸಲ ಒಟ್ಟಿಗೆ ಹೇಳಿದಾಗ ಎರಡನೆಯ ಸಲದಿಂದ ಮನಸ್ಸಿಗೆ ಕೆಲಸವೇ ಇರುವುದಿಲ್ಲ. ಪದ ನಾಲಗೆಯ ತುದಿಯಲ್ಲೇ ಇರುತ್ತದೆ. ‘ನನಗೆ ಬಂತು’ ಎಂಬ ಭ್ರಮೆ ಹುಟ್ಟುತ್ತದೆ. ಎರಡು ದಿನ ಬಿಟ್ಟು ಕೇಳಿದರೆ ಮಗು ತಡವರಿಸುತ್ತದೆ, ಹುಡುಕುತ್ತದೆ. ಹೀಗೆ ಹುಡುಕಿ ತೆಗೆದ ಪದ ಹೆಚ್ಚು ಕಾಲ ನಿಲ್ಲುತ್ತದೆ. ಸಸಿಗೆ ಭಾನುವಾರವೇ ಏಳು ಕೊಡ ನೀರು ಸುರಿದು ವಾರವಿಡೀ ಮರೆತರೆ ಅದು ಬದುಕೀತೆ? ನಮ್ಮ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಕೂರಿಸಿ ದಿನವೂ ಮಗ್ಗಿ ಹೇಳಿಸುತ್ತಿದ್ದ ಅಜ್ಜಿಯರಿಗೆ ಈ ಲೆಕ್ಕ ಪುಸ್ತಕ ಓದದೆಯೇ ಗೊತ್ತಿತ್ತು.

ಟೀಚರು ಹೇಳಿದ ಉಪಾಯ ಸರಳವಾಗಿತ್ತು. ಜರ್ಮನಿಯ ವಿಜ್ಞಾನ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪೆಟ್ಟಿಗೆಯ ಕ್ರಮವನ್ನೇ ಅವರು ಮನೆಗೆ ಒಗ್ಗಿಸಿದ್ದರು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿ. ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ. ಮೂರು ಡಬ್ಬಿ ಇಡಿ. ಮೊದಲನೆಯ ಡಬ್ಬಿಯ ಚೀಟಿಗಳನ್ನು ದಿನವೂ ಕೇಳಿ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ಅರ್ಥವನ್ನು ಮುಚ್ಚಿಟ್ಟು ಕೇಳಬೇಕು. ನೋಡಿ ಓದಿದರೆ ಪ್ರಯೋಜನ ಕಡಿಮೆ. ತಪ್ಪಿದರೆ ಬೈಯದೆ ಸರಿ ಉತ್ತರ ತೋರಿಸಬೇಕು. ದಿನಕ್ಕೆ ಐದು ಹತ್ತು ನಿಮಿಷ ಸಾಕು.

ಇದರಿಂದ ಪವಾಡವೇನೂ ಆಗುವುದಿಲ್ಲ. ಅರ್ಥವಾಗದ ಪದವನ್ನು ಎಷ್ಟು ದಿನಕ್ಕೆ ಹಂಚಿದರೂ ಅದು ಮಗುವಿನ ಸ್ವತ್ತಾಗದು. ಅದನ್ನು ವಾಕ್ಯದಲ್ಲಿ ಬಳಸಿ ನೋಡಲೇಬೇಕು. ನಾಳೆಯ ಉಕ್ತಲೇಖನಕ್ಕೆ ಇವತ್ತು ರಾತ್ರಿಯ ಉರು ಸಾಕಾಗುವುದೂ ಉಂಟು. ಆದರೆ ಮಕ್ಕಳು ಪದ ಕಲಿಯುವುದು ಒಂದು ಸೋಮವಾರಕ್ಕಾಗಿ ಅಲ್ಲವಲ್ಲ!

ಮೊದಲ ವಾರ ಆ ಮನೆಯಲ್ಲಿ ತಪ್ಪುಗಳೇ ಹೆಚ್ಚಾದವು. ಅಪ್ಪ ಎರಡು ಸಲ ರೇಗಿ, ಆಮೇಲೆ ತುಟಿ ಕಚ್ಚಿಕೊಂಡರು. ನಿಧಾನವಾಗಿ ಮೂರನೆಯ ಡಬ್ಬಿ ತುಂಬತೊಡಗಿತು. ದೀಪಾವಳಿ ಕಳೆದ ಮೇಲೆ ಬಸ್ಸಿನಲ್ಲಿ ಅಜ್ಜಿಯ ಊರಿಗೆ ಹೋಗುವಾಗ, ಗದ್ದೆಯಲ್ಲಿ ಭತ್ತ ಕೊಯ್ಯುವವರನ್ನು ಕಂಡು ಹುಡುಗ ಕಿಟಕಿಯಿಂದಲೇ ಕೂಗಿದ: ‘ಅಪ್ಪಾ, ಹಾರ್ವೆಸ್ಟ್!’

ಯಾರೂ ಕೇಳಿರಲಿಲ್ಲ, ಅಂಕವೂ ಇರಲಿಲ್ಲ. ಆ ರಾತ್ರಿ ಊಟವಾದ ಮೇಲೆ ಅವನೇ ನೆನಪಿಸಿದ: ‘ಇವತ್ತು ಚೀಟಿ ಕೇಳೋದು ಮರೆತೇಬಿಟ್ಯಲ್ಲಪ್ಪ?’

ಅಪ್ಪ ನಕ್ಕು ಒಪ್ಪಿಕೊಂಡರು. ಮರೆತಿದ್ದರು.